ಸ್ಪಾರ್ಕ್ ಪ್ಲಗ್ ಥ್ರೆಡ್ ಹೋದರೆ ಇಡೀ ಹೆಡ್ ಬದಲಿಸಬೇಕೇ? ಎಂ-ಸೀಲ್ ಮೆತ್ತಿದರೆ ಸಾಕೇ?

"ಪ್ಲಗ್ ಥ್ರೆಡ್ ಹೋಗಿದೆ ಸಾರ್, ಹೆಡ್ಡೇ ಬದಲಾಯಿಸ್ಬೇಕು." ಬೈಕನ್ನು ಸರ್ವಿಸಿಗೆ ಬಿಟ್ಟು ಬಂದ ದಿನ ಮಧ್ಯಾಹ್ನ ಇಂಥದ್ದೊಂದು ಫೋನ್ ಬಂದರೆ ಹೆಚ್ಚಿನವರಿಗೆ ಏನು ಹೇಳಬೇಕೆಂದೇ ತೋಚುವುದಿಲ್ಲ. ಬೆಳಿಗ್ಗೆ ತಾನೇ ಓಡಿಸಿಕೊಂಡು ಹೋದ ಗಾಡಿಗೆ ಮಧ್ಯಾಹ್ನದ ಹೊತ್ತಿಗೆ ಹೊಸ ಹೆಡ್ ಯಾಕೆ ಬೇಕಾಯಿತು? ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಇನ್ನೊಂದು ತುದಿಯ ಸಲಹೆಗಳು ಬರುತ್ತವೆ. ಟೆಫ್ಲಾನ್ ಟೇಪ್ ಸುತ್ತಿ ಹಾಕು, ವೈರಿನಿಂದ ಒಂದೆಳೆ ತಾಮ್ರ ಕಿತ್ತು ಸುತ್ತಿ ಬಿಗಿ ಮಾಡು, ಎಂ-ಸೀಲ್ ಮೆತ್ತಿಬಿಡು, ಹತ್ತು ವರ್ಷ ಅಲ್ಲಾಡಲ್ಲ.

ಮೊದಲು ನೇರ ಉತ್ತರ. ಬಹುತೇಕ ಸಂದರ್ಭಗಳಲ್ಲಿ ಈ ಎರಡೂ ಮಾತು ತಪ್ಪು. ಥ್ರೆಡ್ ಹೋದ ಮಾತ್ರಕ್ಕೆ ಹೆಡ್ ಸತ್ತಂತಲ್ಲ. ಹಾಳಾದ ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿ, ಒಳಗೆ ಉಕ್ಕಿನ ಹೊಸ ಥ್ರೆಡ್ ಕೂರಿಸುವ ಕ್ರಮ ದಶಕಗಳಿಂದ ಬಳಕೆಯಲ್ಲಿದೆ. ಸರಿಯಾಗಿ ಮಾಡಿದರೆ ಅದು ಮೊದಲಿನ ಥ್ರೆಡ್‌ಗಿಂತ ಗಟ್ಟಿ. ಆದರೆ ಟೇಪು, ಅಂಟು, ತಾಮ್ರದ ಎಳೆ ಯಾವುವೂ ರಿಪೇರಿಯಲ್ಲ. ಅವು ಪ್ಲಗ್ಗನ್ನು ಹೊರಗೆ ಹಾರಿಸುವ ದಾರಿಗಳು.

ಥ್ರೆಡ್ ಹೋಗುವುದು ಎಂದರೇನು?

ಸ್ಪಾರ್ಕ್ ಪ್ಲಗ್ ಕೂರುವುದು ಎಂಜಿನ್‌ನ ತಲೆಭಾಗದಲ್ಲಿ, ಅಂದರೆ ಸಿಲಿಂಡರ್ ಹೆಡ್‌ನಲ್ಲಿ. ಪ್ಲಗ್ಗಿನ ಹೊರಮೈಯಲ್ಲಿ ತಿರುಪಿನ ಗೆರೆಗಳಿವೆ, ಹೆಡ್‌ನ ರಂಧ್ರದ ಒಳಮೈಯಲ್ಲೂ ಅಂಥವೇ ಗೆರೆಗಳಿವೆ. ನೀರಿನ ಬಾಟಲಿಗೂ ಅದರ ಮುಚ್ಚಳಕ್ಕೂ ಇರುವ ಸಂಬಂಧವೇ ಇಲ್ಲೂ. ವ್ಯತ್ಯಾಸ ಏನೆಂದರೆ ಪ್ಲಗ್ಗಿನ ಮೈ ಉಕ್ಕು, ಹೆಡ್ ಅಲ್ಯೂಮಿನಿಯಂ. ಉಕ್ಕು ಗಟ್ಟಿ, ಅಲ್ಯೂಮಿನಿಯಂ ಮೆದು. ಜಗಳವಾದಾಗ ಯಾವತ್ತೂ ಸೋಲುವುದು ಹೆಡ್ಡೇ. ಹಾಳಾದ ಪ್ಲಗ್ಗಿಗೆ ನೂರಿನ್ನೂರು ರೂಪಾಯಿ ಕೊಟ್ಟು ಹೊಸದು ತರಬಹುದು, ಹೆಡ್‌ನ ವಿಷಯ ಹಾಗಲ್ಲ.

ಸ್ಪ್ಲೆಂಡರ್‌ನಂಥ 100 ಸಿಸಿ ಬೈಕುಗಳಲ್ಲಿ ಇರುವುದು 10 ಮಿಲಿಮೀಟರ್ ದಪ್ಪದ ಪ್ಲಗ್. ಮಾರುತಿ 800, ಆರ್‌ಎಕ್ಸ್ 100 ಕಾಲದ ಗಾಡಿಗಳಲ್ಲಿ 14 ಮಿಲಿಮೀಟರಿನದು. 10 ಮಿಲಿಮೀಟರ್ ಪ್ಲಗ್ಗಿನ ಒಂದೊಂದು ಗೆರೆಯ ಆಳ ಅರ್ಧ ಮಿಲಿಮೀಟರಿಗಿಂತ ಒಂಚೂರು ಹೆಚ್ಚು, ಅಷ್ಟೇ. ಇಡೀ ಪ್ಲಗ್ ಹಿಡಿದುಕೊಂಡು ನಿಂತಿರುವುದು ಅಷ್ಟು ಸಣ್ಣ ಅಲ್ಯೂಮಿನಿಯಂ ಏಣುಗಳ ಮೇಲೆ. ಆ ಏಣುಗಳು ಕಿತ್ತುಹೋದರೆ ಅಥವಾ ಸವೆದು ನುಣುಪಾದರೆ ಗ್ಯಾರೇಜಿನ ಭಾಷೆಯಲ್ಲಿ ಥ್ರೆಡ್ ಸ್ಲಿಪ್ ಆಯಿತು.

ಗುರುತು ಹಿಡಿಯುವುದು ಕಷ್ಟವಲ್ಲ. ಪ್ಲಗ್ ತಿರುಗುತ್ತಲೇ ಇರುತ್ತದೆ, ಎಷ್ಟು ತಿರುಗಿಸಿದರೂ ಬಿಗಿ ಹತ್ತುವುದಿಲ್ಲ. ಬಿಚ್ಚಿದ ಪ್ಲಗ್ಗಿನ ಗೆರೆಗಳ ನಡುವೆ ಬೆಳ್ಳಗೆ ಹೊಳೆಯುವ ಸುರುಳಿ ಚೂರು ಸಿಕ್ಕಿಕೊಂಡಿದ್ದರೆ ಅದು ಹೆಡ್‌ನ ಅಲ್ಯೂಮಿನಿಯಂ. ಗಾಡಿ ಓಡುವಾಗ ಪ್ಲಗ್ಗಿನ ಬುಡದಿಂದ ಚಸ್ ಚಸ್ ಎಂದು ಗಾಳಿ ಬಿಟ್ಟ ಸದ್ದು, ಬುಡದ ಸುತ್ತ ಎಣ್ಣೆ ಬೆರೆತ ಕಪ್ಪು ಮಸಿ, ಏರಿನಲ್ಲಿ ಎಳೆತ ಕಡಿಮೆಯಾಗುವುದು ಇವೂ ಲಕ್ಷಣಗಳೇ. ಆದರೆ ಸದ್ದು ಬಂದ ಕೂಡಲೇ ಥ್ರೆಡ್ ಹೋಗಿದೆ ಎಂದು ತೀರ್ಮಾನಿಸಬೇಡಿ. ಪ್ಲಗ್ ಬರೀ ಸಡಿಲವಾಗಿದ್ದರೂ ಹೀಗೇ ಆಗುತ್ತದೆ, ಅದಕ್ಕೆ ಸ್ಪ್ಯಾನರ್ ಒಂದೇ ಸಾಕು.

ಎಂ-ಸೀಲ್ ಯಾಕೆ ಬೇಡ?

ಒಂದು ಸಣ್ಣ ಲೆಕ್ಕ ಮಾಡೋಣ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಂಡಾಗ ಸಿಲಿಂಡರ್ ಒಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು 50 ಪಟ್ಟು ಏರುತ್ತದೆ ಎಂದಿಟ್ಟುಕೊಳ್ಳಿ, ಚೆನ್ನಾಗಿ ಎಳೆಯುತ್ತಿರುವ ಪೆಟ್ರೋಲ್ ಎಂಜಿನ್‌ಗೆ ಇದು ಅತಿಶಯದ ಮಾತಲ್ಲ. 10 ಮಿಲಿಮೀಟರ್ ಪ್ಲಗ್ಗಿನ ಅಡಿಯ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿಗಿಂತ ಕಡಿಮೆ, ಸುಮಾರು 0.78. ಅಷ್ಟು ಜಾಗದ ಮೇಲೆ ಆ ಒತ್ತಡ ಬಿದ್ದರೆ ಪ್ಲಗ್ಗನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 40 ಕಿಲೋ. ಸಿಮೆಂಟ್ ಮೂಟೆಗಿಂತ ಸ್ವಲ್ಪವೇ ಕಡಿಮೆ. 14 ಮಿಲಿಮೀಟರಿನದಾದರೆ ಒಂದೂವರೆ ಮೂಟೆ. ಇದು ಒಂದು ಸಲದ ಪೆಟ್ಟಲ್ಲ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಫೋರ್ ಸ್ಟ್ರೋಕ್ ಗಾಡಿಯಲ್ಲಿ ನಿಮಿಷಕ್ಕೆ 3,000 ಸಲ, ಅಂದರೆ ಸೆಕೆಂಡಿಗೆ 50 ಸಲ ಈ ಪೆಟ್ಟು ಬೀಳುತ್ತದೆ. ಜತೆಗೆ ಶಾಖ. ಉರಿಯುವ ಅನಿಲದ ಬಿಸಿ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಎಂ-ಸೀಲ್ ಮೇಲೆ ನಮಗೇನೂ ಕೋಪವಿಲ್ಲ. ನಲ್ಲಿ ಪೈಪು, ನೀರಿನ ಟ್ಯಾಂಕು, ಒಡೆದ ಸಿಂಕು ಇಂಥವಕ್ಕೆ ಅದು ಒಳ್ಳೆಯದೇ. ಆದರೆ ಆ ಜಾತಿಯ ಎಪಾಕ್ಸಿ ಅಂಟುಗಳು ಬಿಸಿಗೆ ಮೆತ್ತಗಾಗುತ್ತವೆ. ಅಲ್ಲಿಗೆ ಕತೆ ಮುಗಿಯಿತು. ಅಂಟು ಬಿಟ್ಟುಕೊಂಡ ಗಳಿಗೆಯಲ್ಲಿ ಪ್ಲಗ್ ಕ್ಯಾಪ್ ಸಮೇತ ಹೊರಗೆ ಚಿಮ್ಮುತ್ತದೆ. ಬೈಕಿನಲ್ಲಿ ಪ್ಲಗ್ ಇರುವುದು ನಿಮ್ಮ ಮೊಣಕಾಲಿನ ಹತ್ತಿರ, ಪೆಟ್ರೋಲ್ ಟ್ಯಾಂಕಿನ ಕೆಳಗೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಚಿಮ್ಮದಿದ್ದರೂ ತೊಂದರೆ ತಪ್ಪಿದ್ದಲ್ಲ. ಅಂಟಿನ ಚೂರು ಒಡೆದು ಸಿಲಿಂಡರ್ ಒಳಗೆ ಬಿದ್ದರೆ ಅಲ್ಲಿ ಗೀರುತ್ತದೆ. ಮುಂದೆ ಸರಿಯಾದ ರಿಪೇರಿ ಮಾಡಿಸಲು ಹೋದಾಗ ಅಂಟನ್ನೆಲ್ಲ ಕೆರೆದು ತೆಗೆಯುವ ಕೆಲಸ ಬೇರೆ.

ಟೆಫ್ಲಾನ್ ಟೇಪಿನ ಕತೆ ಇನ್ನೂ ಸೂಕ್ಷ್ಮವಾಗಿದೆ. ಪ್ಲಂಬರ್ ನಲ್ಲಿಗೆ ಟೇಪ್ ಸುತ್ತುವುದು ಗೆರೆಗಳ ನಡುವಿನ ಸಂದಿಯಲ್ಲಿ ನೀರು ಸೋರದಿರಲಿ ಎಂದು. ಪ್ಲಗ್ಗಿನಲ್ಲಿ ಗಾಳಿ ಸೋರದಂತೆ ತಡೆಯುವುದು ಗೆರೆಗಳಲ್ಲ, ಬುಡದಲ್ಲಿರುವ ವಾಶರ್. ಕೆಲವು ಮಾದರಿಗಳಲ್ಲಿ ವಾಶರ್ ಬದಲು ಇಳಿಜಾರಾದ ಅಂಚು ಇರುತ್ತದೆ. ಗೆರೆಗಳಿಗೆ ಇರುವ ಕೆಲಸ ಬೇರೆ: ಪ್ಲಗ್ಗನ್ನು ಹಿಡಿದಿಡುವುದು, ಅದರ ಶಾಖವನ್ನು ಹೆಡ್‌ಗೆ ದಾಟಿಸುವುದು, ಕಿಡಿಯ ವಿದ್ಯುತ್ತು ಎಂಜಿನ್ ಮೈ ಮೂಲಕ ಹಿಂದಿರುಗಲು ದಾರಿ ಕೊಡುವುದು. ಟೆಫ್ಲಾನ್ ಶಾಖವನ್ನೂ ಬಿಡುವುದಿಲ್ಲ, ವಿದ್ಯುತ್ತನ್ನೂ ಬಿಡುವುದಿಲ್ಲ. ಅದೂ ಅಲ್ಲದೆ ಅದು ಜಾರುವ ವಸ್ತು, ಹಿಡಿತವೇ ಇಲ್ಲದ ಕಡೆ ಜಾರುವುದನ್ನು ಸುತ್ತಿ ಏನು ಪ್ರಯೋಜನ? ಶಾಖ ದಾಟಲಾಗದ ಪ್ಲಗ್ಗಿನ ತುದಿ ಕೆಂಡದಂತೆ ಕಾದರೆ, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಮೇಲೇರುತ್ತಿರುವಾಗಲೇ ಮೇಲಿನಿಂದ ಪೆಟ್ಟು. ಹೀಗೇ ಮುಂದುವರಿದರೆ ಪಿಸ್ಟನ್ ತಲೆ ಕರಗಿ ತೂತಾಗುವುದೂ ಉಂಟು.

ತಾಮ್ರದ ಎಳೆಯ ವಿಷಯ: ಬಿಗಿ ಹತ್ತಿದಂತೆ ಕೈಗೆ ಅನ್ನಿಸುತ್ತದೆ, ಅಷ್ಟೇ. ಊರಿಂದ ಹದಿನೈದು ಕಿಲೋಮೀಟರ್ ದೂರದಲ್ಲಿ ಗಾಡಿ ನಿಂತಿದ್ದರೂ ಈ ಉಪಾಯಕ್ಕಿಂತ ಟೆಂಪೋದಲ್ಲಿ ಹಾಕಿಕೊಂಡು ಬರುವುದು ಮೇಲು.

ಥ್ರೆಡ್ ಹೋಗುವುದು ಹೇಗೆ?

ಹೆಚ್ಚಿನ ಸಲ ಅದು ತಾನಾಗಿ ಹೋಗುವುದಿಲ್ಲ, ಕೈಯಿಂದ ಹೋಗುತ್ತದೆ. ಮೊದಲ ಕಾರಣ ವಕ್ರವಾಗಿ ಕೂರಿಸುವುದು. ಪ್ಲಗ್ಗಿನ ಗೆರೆ ರಂಧ್ರದ ಗೆರೆಗೆ ಸರಿಯಾಗಿ ಕೂಡುವ ಮೊದಲೇ ಸ್ಪ್ಯಾನರ್ ಹಾಕಿ ತಿರುಗಿಸಿದರೆ, ಉಕ್ಕಿನ ಪ್ಲಗ್ ಮೆದು ಅಲ್ಯೂಮಿನಿಯಂನಲ್ಲಿ ತನ್ನದೇ ಹೊಸ ದಾರಿ ಕೊರೆದುಕೊಂಡು ಹೋಗುತ್ತದೆ.

ಎರಡನೆಯದು ಅತಿ ಬಿಗಿ. ಇದರ ಹಿಂದೊಂದು ಇತಿಹಾಸವೂ ಇದೆ ಎಂಬುದು ನಮ್ಮ ಅಂದಾಜು. ಅಂಬಾಸಿಡರ್ ಕಾರಿನ ಹಳೆಯ ಎಂಜಿನ್‌ಗೆ ಬೀಡುಕಬ್ಬಿಣದ ಹೆಡ್ ಇತ್ತು. ಅಂಥ ಎಂಜಿನ್‌ಗಳ ಮೇಲೆ ಕೈ ಪಳಗಿಸಿಕೊಂಡವರಿಗೆ "ಇನ್ನೊಂದು ಸ್ವಲ್ಪ" ಎಂದು ಎಳೆಯುವುದು ತಪ್ಪೆನಿಸುತ್ತಿರಲಿಲ್ಲ, ಕಬ್ಬಿಣ ತಡೆದುಕೊಳ್ಳುತ್ತಿತ್ತು. ಅದೇ ಕೈ, ಅದೇ ಉದ್ದದ ಹಿಡಿ ಇವತ್ತಿನ 10 ಮಿಲಿಮೀಟರ್ ಪ್ಲಗ್ಗಿನ ಮೇಲೆ ಬಿದ್ದರೆ? ಅಲ್ಯೂಮಿನಿಯಂ ಹೆಡ್‌ನಲ್ಲಿ 10 ಮಿಲಿಮೀಟರ್ ಪ್ಲಗ್ಗಿಗೆ ಎನ್‌ಜಿಕೆ ಕಂಪನಿ ಹೇಳುವ ಬಿಗಿ 10ರಿಂದ 12 ನ್ಯೂಟನ್ ಮೀಟರ್. 12 ಮಿಲಿಮೀಟರಿಗೆ 15ರಿಂದ 20, 14 ಮಿಲಿಮೀಟರಿಗೆ 25ರಿಂದ 30. ಕೈಲೆಕ್ಕದಲ್ಲಿ ಹೇಳುವುದಾದರೆ, 20 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಐದಾರು ಕಿಲೋ ತೂಕ ನೇತುಹಾಕಿದಷ್ಟು ಬಲ. ಗಟ್ಟಿಮುಟ್ಟಾದ ಆಳು ಅದೇ ಹಿಡಿಯನ್ನು ಸಲೀಸಾಗಿ 20 ಕಿಲೋ ಬಲದಲ್ಲಿ ಎಳೆಯುತ್ತಾನೆ. ಬೇಕಾದ್ದರ ಮೂರು ನಾಲ್ಕು ಪಟ್ಟು ಆಯಿತು.

ಮೂರನೆಯದು ತಪ್ಪು ಉದ್ದದ ಪ್ಲಗ್. ಇದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಎನ್‌ಜಿಕೆ ಪ್ಲಗ್ಗಿನ ಮೇಲೆ ಸಿಆರ್7ಎಚ್‌ಎಸ್‌ಎ ಎಂಬಂಥ ಸಂಕೇತ ಇರುತ್ತದೆ. ಮೊದಲಿನ ಸಿ ಎಂದರೆ 10 ಮಿಲಿಮೀಟರ್ ದಪ್ಪ (ಡಿ ಇದ್ದರೆ 12, ಬಿ ಇದ್ದರೆ 14). ಅಂಕಿಯ ನಂತರದ ಎಚ್ ಎಂದರೆ ಗೆರೆಗಳಿರುವ ಭಾಗದ ಉದ್ದ 12.7 ಮಿಲಿಮೀಟರ್. ಅದೇ ಜಾಗದಲ್ಲಿ ಇ ಇದ್ದರೆ 19 ಮಿಲಿಮೀಟರ್. ಎಚ್ ಹಾಕಬೇಕಾದ ಕಡೆ ಇ ಹಾಕಿದರೆ ಪ್ಲಗ್ ಆರು ಮಿಲಿಮೀಟರಿಗಿಂತ ಹೆಚ್ಚು ಒಳಗೆ ಚಾಚುತ್ತದೆ. ಪಿಸ್ಟನ್ ಅಥವಾ ವಾಲ್ವ್ ತಗುಲದಿದ್ದರೆ ಅದೃಷ್ಟ. ತಗುಲದಿದ್ದರೂ ಒಳಗೆ ಚಾಚಿದ ಗೆರೆಗಳ ಮೇಲೆ ಮಸಿ ಗಟ್ಟಿಯಾಗಿ ಕೂರುತ್ತದೆ. ಮುಂದಿನ ಸಲ ಬಿಚ್ಚುವಾಗ ಆ ಮಸಿ ಅರದಂತೆ ಹೆಡ್‌ನ ಗೆರೆಗಳನ್ನು ಕೆರೆದುಕೊಂಡೇ ಹೊರಬರುತ್ತದೆ. ಗಿಡ್ಡ ಪ್ಲಗ್ ಹಾಕಿದರೆ ಇದು ಉಲ್ಟಾ: ಹೆಡ್‌ನ ಕೆಳಗಿನ ಗೆರೆಗಳಲ್ಲಿ ಮಸಿ ತುಂಬಿ, ಮುಂದೆ ಸರಿಯಾದ ಪ್ಲಗ್ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಸಿಎನ್‌ಜಿ, ಎಲ್‌ಪಿಜಿ ಗಾಡಿಗಳಲ್ಲಿ ಪ್ಲಗ್ಗನ್ನು ಹೆಚ್ಚು ಸಲ ಬದಲಿಸುವುದರಿಂದ, ಈ ತಪ್ಪುಗಳಿಗೆ ಸಿಗುವ ಅವಕಾಶವೂ ಅಷ್ಟೇ ಹೆಚ್ಚು. ಆಟೋ ಓಡಿಸುವವರಿಗೆ ಇದು ಬರೀ ರಿಪೇರಿ ಖರ್ಚಲ್ಲ, ಆ ದಿನದ ದುಡಿಮೆಯೂ ಹೋಯಿತು.

ಹಾಗಾದರೆ ಸರಿಯಾದ ರಿಪೇರಿ ಯಾವುದು?

ಹಾನಿ ಎಷ್ಟು ಎಂಬುದರ ಮೇಲೆ ನಿಂತಿದೆ. ಬಾಯಿಯ ಒಂದೆರಡು ಗೆರೆಗಳು ಮಾತ್ರ ಮುದುಡಿದ್ದು ಕೆಳಗಿನವು ಚೆನ್ನಾಗಿದ್ದರೆ, ಅದೇ ಅಳತೆಯ ಟ್ಯಾಪ್ ನಿಧಾನವಾಗಿ ಇಳಿಸಿ ಗೆರೆ ಸರಿಪಡಿಸಿದರೆ ಸಾಕು. ಹತ್ತು ನಿಮಿಷದ ಕೆಲಸ.

ಗೆರೆಗಳೇ ಹೋಗಿದ್ದರೆ ಹೆಲಿಕಾಯಿಲ್ ಅಥವಾ ಬುಷ್. ಹೆಲಿಕಾಯಿಲ್ ಎಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಸ್ಪ್ರಿಂಗ್ ಹಾಗೆ ಸುತ್ತಿದ ಸುರುಳಿ. ತಂತಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಅದು ದುಂಡಗಿರದೆ ಡೈಮಂಡ್ ಆಕಾರದಲ್ಲಿರುತ್ತದೆ. ಹೀಗಾಗಿ ಸುರುಳಿಯ ಹೊರಗೂ ಗೆರೆ, ಒಳಗೂ ಗೆರೆ. ಹಾಳಾದ ರಂಧ್ರವನ್ನು ಸ್ವಲ್ಪ ಅಗಲ ಮಾಡಿ, ಅದರಲ್ಲಿ ದೊಡ್ಡ ಅಳತೆಯ ಗೆರೆ ಹೊಡೆದು, ಈ ಸುರುಳಿಯನ್ನು ಒಳಗೆ ತಿರುಗಿಸಿ ಕೂರಿಸುತ್ತಾರೆ. ಒಳಗಿನ ಅಳತೆ ಮೊದಲಿನಷ್ಟೇ ಇರುತ್ತದೆ, ಹಳೆ ನಂಬರಿನ ಪ್ಲಗ್ಗೇ ಕೂರುತ್ತದೆ. ಹೆಲಿಕಾಯಿಲ್ ಮೂಲದಲ್ಲಿ ಒಂದು ಕಂಪನಿಯ ಹೆಸರು, ಈಗ ಆ ಜಾತಿಯ ಎಲ್ಲ ಸುರುಳಿಗಳಿಗೂ ಗ್ಯಾರೇಜುಗಳಲ್ಲಿ ಅದೇ ಹೆಸರು.

ಬುಷ್ ಎಂದರೆ ಒಳಗೂ ಹೊರಗೂ ಗೆರೆಯಿರುವ ಗಟ್ಟಿ ಕೊಳವೆ. ಟೈಮ್-ಸರ್ಟ್‌ನಂಥ ಕಂಪನಿಗಳು ಸಿದ್ಧ ಕಿಟ್ ಮಾರುತ್ತವೆ. ನಮ್ಮ ಊರುಗಳಲ್ಲಿ ಒಳ್ಳೆಯ ಲೇತ್ ಅಂಗಡಿಯವರು ಅಳತೆ ತೆಗೆದು ಬುಷ್ ಕಡೆದು ಕೊಡುತ್ತಾರೆ. ಪದೇ ಪದೇ ಬಿಚ್ಚುವ ಪ್ಲಗ್ಗಿಗೆ ಸುರುಳಿಗಿಂತ ಗಟ್ಟಿ ಬುಷ್ ಮೇಲು ಎಂಬುದು ನಮ್ಮ ಅಭಿಪ್ರಾಯ. ಸುರುಳಿ ಸರಿಯಾಗಿ ಕೂರದಿದ್ದರೆ ಮುಂದೊಂದು ದಿನ ಪ್ಲಗ್ಗಿನ ಜತೆಗೇ ಸುತ್ತಿಕೊಂಡು ಹೊರಬರುವುದುಂಟು. ಆದರೆ ಬುಷ್ ಕೂರಿಸುವವರ ಕೈಯಲ್ಲಿ ಅಳತೆ ಇರಬೇಕು. ರಂಧ್ರ ಸ್ವಲ್ಪ ಓರೆಯಾದರೂ ವಾಶರ್ ಪೂರ್ತಿ ಕೂರುವುದಿಲ್ಲ, ಗಾಳಿ ಸೋರುತ್ತದೆ. ಬುಷ್ ಅಥವಾ ಸುರುಳಿಯ ತುದಿ ಚೇಂಬರಿನೊಳಗೆ ಚಾಚಿದ್ದರೆ ಅದೇ ಕಾದು ಕೆಂಪಾಗಿ ಮೊದಲೇ ಹೇಳಿದ ಅಕಾಲದ ಉರಿತಕ್ಕೆ ದಾರಿ.

ಇನ್ನೆರಡು ದಾರಿಗಳ ಹೆಸರೂ ಕೇಳಿಬರುತ್ತದೆ. ಒಂದು, ಆರ್ಗಾನ್ ವೆಲ್ಡಿಂಗ್‌ನಲ್ಲಿ ರಂಧ್ರ ತುಂಬಿಸಿ ಹೊಸದಾಗಿ ಕೊರೆಯುವುದು. ಹೆಡ್ ಬಿಚ್ಚಿ ಮಾಡಬೇಕು, ಆ ಬಿಸಿಗೆ ಹೆಡ್ ಸೊಟ್ಟಗಾಗುವ, ವಾಲ್ವ್ ಸೀಟ್ ಸಡಿಲವಾಗುವ ಅಪಾಯವಿದೆ. ಇನ್ನೊಂದು, 10 ಮಿಲಿಮೀಟರ್ ರಂಧ್ರವನ್ನು 12ಕ್ಕೆ ದೊಡ್ಡದು ಮಾಡಿ ದೊಡ್ಡ ಪ್ಲಗ್ಗೇ ಹಾಕುವುದು. ಗಾಡಿ ಓಡುತ್ತದೆ, ಸುಳ್ಳಲ್ಲ. ಆದರೆ ಮುಂದಿನ ಪ್ಲಗ್ ಯಾವ ನಂಬರಿನದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಗಾಡಿ ಮಾರಿದ ಮೇಲೆ ಕೊಂಡವರ ಕತೆ ಕೇಳುವುದೇ ಬೇಡ.

"ರಿಪೇರಿ ಮಾಡಿದ್ದು ಯಾವತ್ತಿದ್ದರೂ ರಿಪೇರಿನೇ"

ಈ ಮಾತು ಕೇಳಲು ಸರಿ ಅನ್ನಿಸುತ್ತದೆ, ಇಲ್ಲಿ ಮಾತ್ರ ನಿಜವಲ್ಲ. ಮೊದಲು ಅಲ್ಯೂಮಿನಿಯಂನ ಹಿಡಿತ ಇದ್ದದ್ದು ಪ್ಲಗ್ಗಿನ ಅಳತೆಯ ಸುತ್ತಳತೆಯಲ್ಲಿ. ಈಗ ಸುರುಳಿ ಹೊರಗಡೆ ಹಿಡಿದಿರುವುದು ಇನ್ನೂ ದೊಡ್ಡ ಸುತ್ತಳತೆಯಲ್ಲಿ: 14 ಮಿಲಿಮೀಟರ್ ಪ್ಲಗ್ಗಿಗೆ ಹೊರ ಅಳತೆ ಸುಮಾರು ಒಂದೂವರೆ ಮಿಲಿಮೀಟರ್ ಹೆಚ್ಚು. ಅಷ್ಟು ಹೆಚ್ಚು ಅಲ್ಯೂಮಿನಿಯಂ ಹಿಡಿತಕ್ಕೆ ಸಿಕ್ಕಿತು. ಪ್ಲಗ್ ಬಿಚ್ಚಿ ಹಾಕುವಾಗ ಸವೆಯುವುದು ಇನ್ನು ಉಕ್ಕು ಉಕ್ಕಿನ ನಡುವೆ, ಮೆದು ಅಲ್ಯೂಮಿನಿಯಂ ಮೇಲೆ ಅಲ್ಲ. ಇದೇ ಕಾರಣಕ್ಕೆ ವಿಮಾನದ ಅಲ್ಯೂಮಿನಿಯಂ ಭಾಗಗಳಲ್ಲಿ ಹಾಳಾಗುವ ಮೊದಲೇ, ಹೊಸತರಲ್ಲೇ ಇಂಥ ಉಕ್ಕಿನ ಗೆರೆ ಕೂರಿಸುವ ಪದ್ಧತಿ ಇದೆ.

ಇದಕ್ಕೆ ಅಮೆರಿಕದಿಂದ ಒಂದು ಉದಾಹರಣೆ. ಫೋರ್ಡ್ ಕಂಪನಿ 1990ರ ದಶಕದ ಕೊನೆಯಿಂದ ತನ್ನ ಎಫ್-150 ಪಿಕಪ್, ಎಕ್ಸ್‌ಪೆಡಿಷನ್ ಮುಂತಾದವುಗಳಲ್ಲಿ ಹಾಕಿದ ಕೆಲವು ವಿ8 ಎಂಜಿನ್‌ಗಳ ಹೆಡ್‌ನಲ್ಲಿ, ಪ್ಲಗ್ಗಿಗೆ ಸಿಗುತ್ತಿದ್ದ ಗೆರೆಗಳು ನಾಲ್ಕರಷ್ಟು ಮಾತ್ರ. ಓಡುತ್ತಿರುವಾಗಲೇ ಪ್ಲಗ್ ಢಮಾರೆಂದು ಹಾರಿಹೋಗುವ ದೂರುಗಳು ಸಾಲುಸಾಲಾಗಿ ಬಂದವು. ಡೀಲರ್‌ಗಳು ಮೊದಲು ಹೇಳುತ್ತಿದ್ದದ್ದು ಹೆಡ್ ಬದಲಿಸಿ ಎಂದೇ. ಹೊರಗಿನ ಮೆಕ್ಯಾನಿಕ್‌ಗಳು ಬುಷ್ ಹಾಕಿ ಗಾಡಿ ಓಡಿಸಿ ತೋರಿಸುತ್ತಿದ್ದರು. ಕೊನೆಗೆ 2007ರ ತಾಂತ್ರಿಕ ಸೂಚನೆಯಲ್ಲಿ, ಹೆಡ್ ಬದಲಿಸದೆ ರಂಧ್ರಕ್ಕೆ ಹೊಸ ಗೆರೆ ಕೂರಿಸುವ ರಿಪೇರಿಯನ್ನು ಕಂಪನಿಯೇ ಒಪ್ಪಿಕೊಂಡಿತು. ಅಷ್ಟು ದೊಡ್ಡ ಎಂಜಿನ್‌ಗೆ ಆಗುವುದು ನಿಮ್ಮ 100 ಸಿಸಿ ಬೈಕಿಗೆ ಆಗುವುದಿಲ್ಲವೇ?

ಕೊರೆದ ಚೂರು ಎಲ್ಲಿಗೆ ಹೋಯಿತು?

ಮೆಕ್ಯಾನಿಕ್‌ಗೆ ಕೇಳಲೇಬೇಕಾದ ಪ್ರಶ್ನೆ ಇದು. ರಂಧ್ರ ಅಗಲ ಮಾಡುವಾಗ ಅಲ್ಯೂಮಿನಿಯಂ ಚೂರುಗಳು ಉದುರುತ್ತವೆ, ಅವಕ್ಕೆ ನೇರ ದಾರಿ ಪಿಸ್ಟನ್ ತಲೆಯ ಮೇಲಕ್ಕೆ. ಹೆಡ್ ಬಿಚ್ಚಿ ಮೇಜಿನ ಮೇಲಿಟ್ಟು ಮಾಡಿದರೆ ಈ ಚಿಂತೆಯೇ ಇಲ್ಲ, ಗೆರೆಯೂ ನೇರ ಬರುತ್ತದೆ. ಸಣ್ಣ ಬೈಕುಗಳಲ್ಲಿ ಹೆಡ್ ಬಿಚ್ಚುವುದು ಅರ್ಧ ದಿನದ ಕೆಲಸವೂ ಅಲ್ಲವಾದ್ದರಿಂದ, ಕೂಲಿ ಮತ್ತು ಹೊಸ ಗ್ಯಾಸ್ಕೆಟ್‌ನ ಖರ್ಚು ಸೇರಿದರೂ ನಾವು ಅದನ್ನೇ ಆರಿಸುತ್ತೇವೆ.

ಬಿಚ್ಚದೆ ಮಾಡುವವರೂ ಇದ್ದಾರೆ, ಎಚ್ಚರದಿಂದ ಮಾಡಿದರೆ ತಪ್ಪಿಲ್ಲ. ಟ್ಯಾಪಿನ ಕೊರಕಲುಗಳಿಗೆ ದಪ್ಪ ಗ್ರೀಸ್ ತುಂಬಬೇಕು, ಚೂರು ಅದಕ್ಕೆ ಅಂಟಿಕೊಳ್ಳುತ್ತದೆ. ಅರ್ಧರ್ಧ ಸುತ್ತಿಗೆ ಹೊರತೆಗೆದು ಒರೆಸಿ, ಮತ್ತೆ ಗ್ರೀಸ್ ತುಂಬಿ ಮುಂದುವರಿಯಬೇಕು. ಕೊನೆಗೆ ಸಣ್ಣ ಕೊಳವೆ ಸಿಕ್ಕಿಸಿದ ವ್ಯಾಕ್ಯೂಮ್‌ನಿಂದ ಎಳೆದು, ಇಗ್ನಿಷನ್ ಆಫ್ ಮಾಡಿ, ಪ್ಲಗ್ ಇಲ್ಲದೆಯೇ ನಾಲ್ಕಾರು ಕಿಕ್ ಹೊಡೆದು ಉಳಿದದ್ದನ್ನು ಊದಿಸಬೇಕು. ಆಗ ರಂಧ್ರದ ನೇರಕ್ಕೆ ಮುಖ ಇಟ್ಟು ಬಗ್ಗಿ ನೋಡಬಾರದು.

"ಅಯಸ್ಕಾಂತ ಇಳಿಸಿ ಚೂರು ತೆಗಿತೀನಿ" ಎಂದು ಯಾರಾದರೂ ಹೇಳಿದರೆ ಆ ಗ್ಯಾರೇಜಿನಿಂದ ಗಾಡಿ ತಳ್ಳಿಕೊಂಡು ಬನ್ನಿ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗೆ ಫ್ರಿಜ್ ಮೇಲಿನ ಅಯಸ್ಕಾಂತ ಹಿಡಿದು ನೀವೇ ನೋಡಬಹುದು.

ಹೆಡ್ ಬದಲಿಸಲೇಬೇಕಾದ ಸಂದರ್ಭ

ಅಂಥವೂ ಇವೆ, ಮೆಕ್ಯಾನಿಕ್ ಹೇಳಿದ್ದೆಲ್ಲ ಸುಳ್ಳು ಎಂದು ಹೊರಡಬೇಡಿ. ಪ್ಲಗ್ ರಂಧ್ರದಿಂದ ವಾಲ್ವ್ ಸೀಟಿನ ಕಡೆಗೆ ಬಿರುಕು ಬಿಟ್ಟಿದ್ದರೆ, ಹಿಂದೆ ಯಾರೋ ಹಾಕಿದ ಬುಷ್ ಸುತ್ತಲಿನ ಲೋಹವನ್ನೇ ಕಿತ್ತುಕೊಂಡು ಬಂದಿದ್ದರೆ, ರಂಧ್ರವನ್ನು ಓರೆಯಾಗಿ ಕೊರೆದು ಮತ್ತೆ ನೇರ ಮಾಡಲು ಜಾಗವೇ ಉಳಿದಿಲ್ಲದಿದ್ದರೆ ಹೆಡ್ ಬೇಕಾಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಹಾಗಾಗಿ ಫೋನಿನಲ್ಲಿ ಒಪ್ಪಿಗೆ ಕೊಡುವ ಮೊದಲು ಒಂದು ಫೋಟೋ ಕೇಳಿ, ಸಾಧ್ಯವಿದ್ದರೆ ಹೋಗಿ ನೋಡಿ. "ಬುಷ್ ಯಾಕೆ ಆಗಲ್ಲ?" ಎಂಬ ಒಂದೇ ಪ್ರಶ್ನೆ ಸಾಕು. ಕಾರಣ ಇದ್ದವರು ತೋರಿಸುತ್ತಾರೆ. "ನಮ್ಮಲ್ಲಿ ಆ ಕಿಟ್ ಇಲ್ಲ" ಎಂಬ ಉತ್ತರ ಬಂದರೆ ಅದು ಪ್ರಾಮಾಣಿಕ ಉತ್ತರವೇ, ಆದರೆ ಅದು ಹೆಡ್ ಬದಲಿಸಲು ಕಾರಣವಲ್ಲ, ಲೇತ್ ಅಂಗಡಿ ಹುಡುಕಲು ಕಾರಣ. ಬುಷ್ ಕೆಲಸ ಸಾಮಾನ್ಯವಾಗಿ ನೂರುಗಳಲ್ಲಿ ಮುಗಿಯುತ್ತದೆ, ಹೆಡ್ ಎಂದರೆ ಮಾತು ಸಾವಿರಗಳಲ್ಲಿ.

ಖರ್ಚು ಯಾರ ಮೇಲೆ?

ಸರ್ವಿಸ್ ಮಾಡುವಾಗ ಥ್ರೆಡ್ ಹೋದರೆ ಗ್ಯಾರೇಜಿನವರು "ಮೊದಲೇ ಹೋಗಿತ್ತು" ಎನ್ನುತ್ತಾರೆ, ನೀವು "ಬೆಳಿಗ್ಗೆ ಸರಿ ಇತ್ತು" ಎನ್ನುತ್ತೀರಿ. ಎರಡೂ ನಿಜವಾಗಿರಬಹುದು. ಎರಡು ಸರ್ವಿಸ್ ಹಿಂದೆ ಅತಿ ಬಿಗಿ ಮಾಡಿದ್ದು ಇವತ್ತು ಬಿಚ್ಚುವಾಗ ಕಿತ್ತು ಬರಬಹುದು, ಇವತ್ತು ಸ್ಪ್ಯಾನರ್ ಹಿಡಿದವರು ಪಾಪ ಸರಿಯಾಗಿಯೇ ಬಿಚ್ಚಿರಬಹುದು. ಬಿಚ್ಚಿದ ಹಳೆ ಪ್ಲಗ್ಗನ್ನು ಕೇಳಿ ಪಡೆಯಿರಿ. ಹಳೆಯದರ ಗೆರೆಗಳಲ್ಲಿ ಅಲ್ಯೂಮಿನಿಯಂ ಸಿಕ್ಕಿದ್ದರೆ ಬಿಚ್ಚುವಾಗ ಕಿತ್ತುಬಂದಿದೆ. ಹಳೆಯದು ಸ್ವಚ್ಛವಿದ್ದು ಹೊಸ ಪ್ಲಗ್ಗಿನ ಗೆರೆಗಳಲ್ಲಿ ಚೂರು ಇದ್ದರೆ, ಹಾಕುವಾಗ ವಕ್ರವಾಗಿ ಕೂರಿಸಿದ ಸಾಧ್ಯತೆಯೇ ಹೆಚ್ಚು. ಹಿಂದಿನ ಸರ್ವಿಸುಗಳೂ ಅದೇ ಕಡೆ ಆಗಿದ್ದರೆ ಬಿಲ್‌ಗಳನ್ನು ಹುಡುಕಿಡಿ. ಮಾತಿನಲ್ಲಿ ಬಗೆಹರಿಯದಿದ್ದರೆ, ಸೇವೆಯಲ್ಲಿನ ಕೊರತೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮತ್ತೆ ಹೋಗದಂತೆ

ಪ್ಲಗ್ಗನ್ನು ಎಂಜಿನ್ ತಣ್ಣಗಿದ್ದಾಗ ಬಿಚ್ಚಿ, ತಣ್ಣಗಿದ್ದಾಗಲೇ ಹಾಕಿಸಿ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಸುಡುವ ಎಂಜಿನ್‌ನಲ್ಲಿ ಬಿಗಿ ಮಾಡಿದ ಪ್ಲಗ್ ತಣ್ಣಗಾದ ಮೇಲೆ ಕಚ್ಚಿಕೊಂಡು ಕೂರುತ್ತದೆ. ಬಿಚ್ಚುವ ಮೊದಲು ಬುಡದ ಸುತ್ತಲಿನ ಮಣ್ಣು, ಮರಳನ್ನು ಊದಿ ತೆಗೆಯಬೇಕು. ಬಿಚ್ಚುವಾಗ ಮಧ್ಯದಲ್ಲಿ ಬಿಗಿ ಹತ್ತಿದರೆ ಬಲ ಹಾಕದೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಡಬ್ಲ್ಯೂಡಿ-40ಯಂಥ ಎಣ್ಣೆ ಬಿಟ್ಟು, ಕಾಯ್ದು, ಮುಂದಕ್ಕೂ ಹಿಂದಕ್ಕೂ ಆಡಿಸುತ್ತ ತೆಗೆಯುವುದು ಸರಿ.

ಪ್ಲಗ್ಗಿನ ಗೆರೆಗಳಿಗೆ ಗ್ರೀಸ್ ಹಚ್ಚಿದರೆ ಒಳ್ಳೆಯದು ಎಂಬ ನಂಬಿಕೆಯೂ ಇದೆ. ಇವತ್ತಿನ ಪ್ಲಗ್ಗುಗಳಿಗೆ ಲೋಹದ ಲೇಪ ಇದ್ದೇ ಇರುತ್ತದೆ, ಬೇರೇನೂ ಹಚ್ಚುವುದು ಬೇಡ ಎಂದು ಎನ್‌ಜಿಕೆಯೇ ಹೇಳುತ್ತದೆ. ಜಾರುಗೊಳಿಸಿದ ಗೆರೆ ಅದೇ ಬಲಕ್ಕೆ ಇನ್ನೂ ಬಿಗಿಯಾಗಿ ಎಳೆದುಕೊಳ್ಳುವುದರಿಂದ ಕೈಯ ಅಂದಾಜು ತಪ್ಪುತ್ತದೆ.

ಹಾಕುವಾಗ ಒಂದು ಸುಲಭ ಉಪಾಯವಿದೆ. ಅರ್ಧ ಅಡಿ ಪೆಟ್ರೋಲ್ ಪೈಪಿನ ತುಂಡನ್ನು ಪ್ಲಗ್ಗಿನ ಮೇಲ್ತುದಿಗೆ ಸಿಕ್ಕಿಸಿ, ಪೈಪನ್ನೇ ಬೆರಳಲ್ಲಿ ತಿರುಗಿಸುತ್ತ ಪ್ಲಗ್ಗನ್ನು ಇಳಿಸಿ. ನೇರ ಕೂತಿದ್ದರೆ ಸರಾಗವಾಗಿ ಇಳಿಯುತ್ತದೆ. ವಕ್ರವಾಗಿದ್ದರೆ ಪ್ಲಗ್ ನಿಂತು, ಪೈಪು ಮಾತ್ರ ಜಾರಿ ತಿರುಗುತ್ತದೆ. ರಬ್ಬರ್ ಪೈಪಿಗೆ ಅಲ್ಯೂಮಿನಿಯಂ ಕೆಡಿಸುವಷ್ಟು ಬಲ ಬರುವುದಿಲ್ಲ. ವಾಶರ್ ಹೆಡ್‌ಗೆ ತಾಗುವವರೆಗೆ ಪೈಪು ಅಥವಾ ಬರೀ ಬೆರಳು, ಆಮೇಲೆ ಮಾತ್ರ ಸ್ಪ್ಯಾನರ್. ಟಾರ್ಕ್ ರೆಂಚ್ ಇಲ್ಲದಿದ್ದರೆ, ವಾಶರ್ ಇರುವ ಹೊಸ ಪ್ಲಗ್ಗಿಗೆ ಅಲ್ಲಿಂದ ಮುಂದೆ ಸುಮಾರು ಅರ್ಧ ಸುತ್ತು. ಅಷ್ಟರಲ್ಲಿ ವಾಶರ್ ಅಮುಕಿ ಕೂರುತ್ತದೆ. ಒಮ್ಮೆ ಅಮುಕಿದ ವಾಶರಿನ ಹಳೆ ಪ್ಲಗ್ಗನ್ನೇ ಮತ್ತೆ ಹಾಕುತ್ತಿದ್ದರೆ ಅರ್ಧ ಸುತ್ತು ವಿಪರೀತ, ಹನ್ನೆರಡನೇ ಒಂದು ಸುತ್ತು ಸಾಕು: ಗಡಿಯಾರದಲ್ಲಿ ಹನ್ನೆರಡರಿಂದ ಒಂದಕ್ಕೆ ಮುಳ್ಳು ಸರಿದಷ್ಟು. ನಿಮ್ಮ ಪ್ಲಗ್ಗಿಗೆ ಎಷ್ಟು ಎಂಬುದನ್ನು ಅದರ ಡಬ್ಬಿಯ ಮೇಲೇ ಸಣ್ಣ ಚಿತ್ರದಲ್ಲಿ ಮುದ್ರಿಸಿರುವುದುಂಟು, ಎಸೆಯುವ ಮೊದಲು ನೋಡಿ.

ಬುಷ್ ಹಾಕಿಸಿದ ಗಾಡಿಯಾದರೆ ಮೊದಲ ಕೆಲವು ದಿನ ಓಡಿಸಿದ ನಂತರ ಪ್ಲಗ್ಗಿನ ಬುಡವನ್ನು ಒಮ್ಮೆ ಬಗ್ಗಿ ನೋಡಿ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಅಲ್ಲಿ ಒಂದೆರಡು ಹನಿ ಸೋಪಿನ ನೀರು ಬಿಟ್ಟರೆ, ಸೋರಿಕೆ ಇದ್ದಲ್ಲಿ ಗುಳ್ಳೆ ಏಳುತ್ತದೆ. ಎಂಜಿನ್ ಪೂರ್ತಿ ಕಾಯುವ ಮೊದಲೇ, ಪ್ಲಗ್ ಕ್ಯಾಪ್ ಮುಟ್ಟದೆ ನೋಡಬೇಕು.